ತೆಳು ಬೆನ್ನಿನ ಐರನ್

ಚೆಂಡು ಹತ್ತು ಮಾರು ಉರುಳಿ ಹುಲ್ಲಿನಲ್ಲಿ ನಿಂತುಬಿಟ್ಟಿತು. ಮರ್ಡೊನ ಕೈಯಿಂದ ಹೊಸ ಐರನ್, ಕಬ್ಬಿಣದ ತಲೆಯ ಗಾಲ್ಫ್ ಕೋಲು, ಜಾರಿ ಬಿತ್ತು. ಉತ್ತರ ಸಮುದ್ರದ ಗಾಳಿಗೆ ಟೋಪಿ ಹಾರಿಹೋದರೂ ಅವನು ಎಡಗೈಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದ.

ಅವನ ಹೆಂಡತಿ ಐಲ್ಸಾ ಬಿದ್ದ ಕೋಲನ್ನೇ ನೋಡಿದಳು. ಅಂಗಡಿಯಿಂದ ಅದನ್ನು ಕೊಡಿಸಿದವಳು ಅವಳೇ. "ಈ ತೆಳು ಬೆನ್ನಿನವು ಪಳಗಿದೋರಿಗಮ್ಮಾ. ಚೆಂಡು ಒಂಚೂರು ಅಂಚಿಗೆ ತಾಗಿದ್ರೂ ಪೆಟ್ಟು ನೆಟ್ಟಗೆ ಕೈಗೇ ಬರತ್ತೆ. ಲಕ್ವ ಹೊಡೆದೋರಿಗೆ ದಪ್ಪನೆಯವು ತಗೊಳ್ಳಿ, ಹೆಂಗೆ ಹೊಡೆದ್ರೂ ಕೈಗೆ ಗೊತ್ತೇ ಆಗಲ್ಲ," ಎಂದು ಅಂಗಡಿಯವನು ಬುದ್ಧಿ ಹೇಳಿದ್ದ. ಒಂದು ಕಾಲಕ್ಕೆ ಊರಿನ ಚಾಂಪಿಯನ್ ಆಗಿದ್ದವನಿಗೆ ಅಂಥವನ್ನು ಕೊಡಲು ಅವಳಿಗೆ ಮನಸ್ಸಾಗಿರಲಿಲ್ಲ.

"ನಮ್ಮಜ್ಜಿ ಪೊರಕೇಲಿ ಇದಕ್ಕಿಂತ ದೂರ ಹೊಡೀತಿದ್ಲಲ್ಲೋ!" ಜೊತೆಗೆ ಆಡುತ್ತಿದ್ದ ಗೆಳೆಯ ಫರ್ಗಸ್ ನಗಿಸಲು ನೋಡಿದ.

ಐಲ್ಸಾ ಓಡಿಹೋಗಿ ಅವನ ಎಡಗೈ ಹಿಡಿದುಕೊಂಡಳು. ಲಕ್ವ ಹೊಡೆದಂದಿನಿಂದ ಬಿಸಿ ಚಹಾ ಚೆಲ್ಲಿದರೂ ಅರಿಯದ ಕೈ ಅದು. "ತಪ್ಪು ನಂದೇ, ಮರ್ಡೊ. ನಾಳೇನೇ ವಾಪಸ್ ಕೊಟ್ಟು ದಪ್ಪನೆಯವು ತರ್ತೀನಿ."

"ಬೇಡ, ಬೇಡ." ಅವನ ಕಣ್ಣು ತುಂಬಿತ್ತು. "ಉರೀತಿದೆ ಕಣೇ, ಈ ಕೈ... ಇನ್ನೊಂದು ಚೆಂಡು ಇಡು."