ನೋವಿನ ಪಾಲು

ಆ ಆರೈಕೆ ಮನೆಯಲ್ಲಿ ಸಾಯುವವರ ನೋವನ್ನು ಮಕ್ಕಳಿಗೆ ಪಾಲು ಮಾಡುವುದು ಮಧ್ಯಾಹ್ನದ ಊಟವಾದ ಮೇಲೆ. ಯಾರ ಕೈಗೆ ಪಟ್ಟಿ ಕಟ್ಟಿದರೆ ನೋವು ಅವರಿಗೆ. ದೇವೀರಮ್ಮನದನ್ನು ಇಷ್ಟು ದಿನ ಮಗಳು ಸರ್ವಮಂಗಳ ಒಬ್ಬಳೇ ಹೊತ್ತಿದ್ದಳು. ಇನ್ನು ಒಬ್ಬರ ಮೇಲೇ ಹಾಕುವಂತಿಲ್ಲವೆಂದು ಸಿಸ್ಟರ್ ಲೀನಾ ಗಂಡುಮಕ್ಕಳಿಬ್ಬರನ್ನೂ ಕರೆಸಿದ್ದರು.

ಹಿರಿಯವ ಗುರುಮಲ್ಲಪ್ಪ ಕೈ ಚಾಚುವ ಮೊದಲೇ ನ್ಯಾಯ ಎತ್ತಿದ. "ಮೂರು ಪಾಲು ಮಾಡಿ ಸಿಸ್ಟರ್. ಈಗ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನೇ ಅದೆ."

"ಅವ್ವ ನಮ್ಮಿಬ್ರಿಗೇ ಅವ್ವ ಅಲ್ವಲ್ಲ," ಎಂದು ಕಿರಿಯವ ಷಡಕ್ಷರಿ ದನಿಗೂಡಿಸಿದ.

ಸರ್ವಮಂಗಳ ತನ್ನ ಪಟ್ಟಿಯನ್ನು ಸಡಿಲಿಸಿಕೊಂಡಳು. "ಜಮೀನು ಪಾಲಾದಾಗ ನಂಗೆ ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡಿಸ್ಕೊಂಡ್ರಲ್ಲಣ್ಣ. ಇದ್ರಲ್ಲೂ ನಂಗೆ ಅಷ್ಟೇ ಸಾಕು. ಮಿಕ್ಕಿದ್ದು ಗಂಡುಮಕ್ಕಳದು."

ಸಿಸ್ಟರ್ ಮಗಳಿಗೆ ಒಂದು ಚಿಟಿಕೆಯಷ್ಟು ಉಳಿಸಿ, ಅಣ್ಣಂದಿರಿಬ್ಬರ ಕೈಗೂ ಪಟ್ಟಿ ಬಿಗಿದರು. ಇಬ್ಬರೂ ಹಲ್ಲು ಕಚ್ಚಿಕೊಂಡು ಕುರ್ಚಿ ಹಿಡಿದು ಕೂತರು.

ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಾಯಿಲೆ ಇದ್ದದ್ದು ಪಕ್ಕೆಯಲ್ಲಿ. ನಕ್ಕರೆ ನೋವು ಇನ್ನಷ್ಟು ಏರುತ್ತಿತ್ತು. ಗಂಡುಮಕ್ಕಳಿಬ್ಬರೂ ಒಟ್ಟಿಗೇ ಪಕ್ಕೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು.

"ನಗಿಸ್ಬ್ಯಾಡ ಕಣವ್ವ ಮಂಗಳ," ಎಂದಳು ತಾಯಿ, "ನಿಮ್ಮಣ್ಣಂದಿರಿಗೆ ನೋವಾಯ್ತದೆ."

ಹಾಗೆಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೆ ನಕ್ಕಳು.