ಎಂಟು ದಿನ ನೋಯದ ಮಂಡಿ

ಆಟಗಾರರ ಕಾಲಿಗೆ ನೋವು ದಾಟಿಸುವ ಪಟ್ಟಿ ಕಟ್ಟಿ, ಅವರ ನೋವು ಗುರುವಿನ ಮೈಗೂ ಮುಟ್ಟಬೇಕೆಂಬ ನಿಯಮ ಬಂದ ಮೇಲೆ, ಖೋಖೋ ಕಲಿಸುವ ಚಿಕ್ಕವೀರಯ್ಯನವರು ತಮ್ಮ ಮಂಡಿ ನೊಂದಾಗಲೆಲ್ಲ ಶಿಷ್ಯೆ ಹೇಮಾವತಿಯನ್ನು ಎಲ್ಲರೆದುರು ಬೈಯುತ್ತಿದ್ದರು.

"ವಾರ್ಮಪ್ ಮಾಡೋಕೂ ಸೋಮಾರಿತನ. ನಿನ್ ದೆಸೆಯಿಂದ ನಾನು ಕುಂಟಬೇಕು."

ಎಂಟು ದಿನದಿಂದ ಮಂಡಿ ನೊಂದಿರಲಿಲ್ಲ. ಬೈಗುಳ ನಾಟಿತೆಂದು ಅವರು ಒಳಗೊಳಗೇ ಬೀಗಿದರು. ಇಂದು ಅವಳು ಕಂಬದ ಬಳಿ ಕುಸಿದಳು. ಓಡಿಹೋಗಿ ನೋಡಿದರೆ ಕಾಲಲ್ಲಿ ಪಟ್ಟಿಯೇ ಇಲ್ಲ.

"ಎಲ್ಲವ್ವಾ ಪಟ್ಟಿ?"

"ಬ್ಯಾಗಲ್ಲಿದೆ ಸಾರ್."

ಅವರೇ ತಂದು ಕಟ್ಟಿದರು. ಮರುಕ್ಷಣ ಮಂಡಿಯೊಳಗೆ ಕೆಂಡ ಹೊಕ್ಕಂತಾಗಿ ಅವರೂ ಮಣ್ಣಿನಲ್ಲಿ ಕೂತುಬಿಟ್ಟರು.

"ಇಷ್ಟು ನೋವಿಟ್ಕೊಂಡು ಓಡಿದ್ಯಾ ತಾಯಿ? ಒಂದ್ ಮಾತು ಹೇಳಬಾರದಿತ್ತಾ?"

"ಎಂಟು ದಿನ ನೀವು ಒಂದ್ಸಲಾನೂ ಬೈಲಿಲ್ಲ ಸಾರ್," ಎಂದಳು ಹೇಮಾವತಿ, ತನ್ನದನ್ನು ಬಿಟ್ಟು ಅವರ ಮಂಡಿ ನೀವುತ್ತ.