ಒಗ್ಗರಣೆ ಇಲ್ಲದ ದಿನ

ಮನೀಷ್ ನಾಸಿ ಲೆಮಾಕ್ ಎಂಬ ಮಲಯ್ ತೆಂಗಿನಹಾಲಿನ ಅನ್ನದ ತಟ್ಟೆಯಿಂದ ಚಿಕನ್ ತುಂಡೊಂದನ್ನು ಕ್ಯಾಮೆರಾದ ಮೂತಿಗೇ ಹಿಡಿದು, "ನೂರುಲ್, ವಾಸನೆ ಬರ್ತಿದೆಯಾ?" ಎಂದ ಇಂಗ್ಲಿಷಿನಲ್ಲಿ. ಲಾಕ್‌ಡೌನಿನ ಆನ್‌ಲೈನ್ ಕ್ಲಾಸಿಗೆ ಟೀಚರ್ ಇನ್ನೂ ಬಂದಿರಲಿಲ್ಲ. ಪರದೆ ತುಂಬ ನಗು. ರಂಜಾನ್ ಉಪವಾಸದಲ್ಲಿದ್ದ ನೂರುಲ್ ಮಾತ್ರ ತಲೆ ತಗ್ಗಿಸಿದಳು.

ಬಿಸಿ ದೋಸೆ ತಂದ ವೇದಾ ಬಾಗಿಲಲ್ಲೇ ನಿಂತಳು. ಮಗಳು ಪೂರ್ವಿ ತಿರುಗಿ ನೋಡದೆಯೇ ಅಂಗೈ ಚಾಚಿ ಅವಳನ್ನು ತಡೆದಿದ್ದಳು.

"ಸಾಕು ಮಾಡು, ಮನೀಷ್."

ಉಳಿದವರಿಗೆ ತಿಳಿಯದಿರಲೆಂದು ಮನೀಷ್ ಕನ್ನಡಕ್ಕೆ ಹೊರಳಿದ. "ದಿನಾ ದೇವರಿಗೆ ದೀಪ ಹಚ್ಚೋಳು ನೀನು. ಅವರ ಉಪವಾಸ ಕಟ್ಕೊಂಡು ನಿನಗೇನಾಗ್ಬೇಕು?"

ವೇದಾಳ ಮುಖ ಬಿಸಿಯಾಯಿತು. ನೂರುಲ್ ಎದುರು ತಿಂಡಿ ತಿನ್ನಲ್ಲ ಎಂದಿದ್ದ ಮಗಳಿಗೆ ನಿನ್ನೆ ಅವಳೂ ಇದೇ ಮಾತು ಅಂದಿದ್ದಳು.

ಪೂರ್ವಿ ಇಂಗ್ಲಿಷ್ ಬಿಡಲಿಲ್ಲ, ನೂರುಲ್‌ಗೂ ತಿಳಿಯಬೇಕಿತ್ತು. "ದೀಪ ಹಚ್ಚೋಳು ಅಂತಾನೇ ಹೇಳ್ತಿದೀನಿ." ದನಿ ನಡುಗುತ್ತಿತ್ತು, ಆದರೆ ತಗ್ಗಲಿಲ್ಲ. "ಏಕಾದಶಿ ದಿನ ನಾನೂ ಹಸಿದಿರ್ತೀನಿ. ನನಗೆ ಆಸೆಯಾಗುತ್ತೆ ಅಂತ ಅವತ್ತು ಅಮ್ಮ ಒಂದು ಒಗ್ಗರಣೆ ಕೂಡ ಹಾಕಲ್ಲ. ನೂರುಲ್ ಹಸಿವು ಬೇರೆ ಥರ ಇರುತ್ತಾ?"

ಚಿಕನ್ ತುಂಡು ಪರದೆಯಿಂದ ಮೆಲ್ಲಗೆ ಕೆಳಗಿಳಿಯಿತು.

ವೇದಾ ಮಗಳನ್ನೇ ನೋಡುತ್ತ ನಿಂತಳು. ಹದಿನೈದರ ಆ ಪುಟ್ಟ ಬೆನ್ನು ಎಷ್ಟು ನೆಟ್ಟಗಿತ್ತು! ಆಮೇಲೆ ದೋಸೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ವಾಸನೆ ಕಂಪ್ಯೂಟರ್ ದಾಟಿ ಹೋಗುವುದಿಲ್ಲವೆಂದು ಗೊತ್ತಿದ್ದರೂ, ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು.